‘ರೀಕನ್ಸಿಡರ್’, ‘ರಿವೈಸ್’, ‘ರೀಥಿಂಕ್’: ಎಲ್ಲಕ್ಕೂ ‘ಮರುಪರಿಶೀಲಿಸು’ ಎಂದರೆ ಸಾಕೇ?

ಪ್ರಶ್ನೆ: ಅನುವಾದಕಿ

ಮಾನ್ಯರೇ,

ನಾನು ಕೆಲವು ವರ್ಷಗಳಿಂದ ಇಂಗ್ಲಿಷಿನ ವಿಜ್ಞಾನ ಲೇಖನಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲಸದ ಸಲುವಾಗಿ ಆಗಾಗ ಇಂಗ್ಲಿಷಿನಲ್ಲಿ ಪತ್ರಗಳನ್ನೂ ಬರೆಯಬೇಕಾಗುತ್ತದೆ. ಒಂದೇ ವಾರದಲ್ಲಿ ಎರಡು ಕಡೆ ಎಡವಿದ್ದರಿಂದ ತಮ್ಮೆಲ್ಲರನ್ನು ಕೇಳುವ ಮನಸ್ಸಾಯಿತು.

ಮೊದಲನೆಯದು ಅನುವಾದದ ವಿಷಯ. ಪ್ಲೂಟೊ ಗ್ರಹದ ಪಟ್ಟಿಯಿಂದ ಹೊರಬಿದ್ದ ಕಥೆಯನ್ನು ಹೇಳುವ ಲೇಖನವೊಂದನ್ನು ಅನುವಾದಿಸಿ ಕೊಟ್ಟೆ. ಕರಡು ತಿದ್ದಿದವರು ಹಾಳೆಯನ್ನು ಹಿಂದಿರುಗಿಸಿದಾಗ ‘ಮರುಪರಿಶೀಲಿಸಿದರು’ ಎಂಬ ಪದಕ್ಕೆ ಏಳು ಕಡೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಮೂಲದಲ್ಲಿಯೂ ಹೀಗೆಯೇ ಇದೆಯೇ?’ ಎಂದು ಬರೆದಿದ್ದರು. ಮೂಲವನ್ನು ತೆರೆದು ನೋಡಿದರೆ ಅಲ್ಲಿ ‘ರೀಥಿಂಕ್’, ‘ರಿವ್ಯೂ’, ‘ರಿವೈಸ್’, ‘ರೀಅಸೆಸ್’, ‘ರೀವಿಸಿಟ್’, ‘ರೀಕನ್ಸಿಡರ್’ ಎಂದು ಆರು ಬೇರೆ ಬೇರೆ ಕ್ರಿಯಾಪದಗಳಿದ್ದವು. ನಾನು ಆರನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೆ.

ಎರಡನೆಯದು ತುಸು ಮುಜುಗರದ್ದು. ಹಿರಿಯ ಸಂಪಾದಕರೊಬ್ಬರು ನನ್ನ ಲೇಖನದ ಎರಡನೆಯ ಭಾಗವನ್ನು ಮೊದಲಿಗೆ ತರುವಂತೆ ಸೂಚಿಸಿದ್ದರು. ಮೊದಲು ನನಗೆ ಅದು ಒಪ್ಪಿಗೆಯಾಗಿರಲಿಲ್ಲ. ಮರುದಿನ ಇನ್ನೊಮ್ಮೆ ಕೂತು ಓದಿದಾಗ ಅವರು ಹೇಳಿದ್ದೇ ಸರಿ ಎನಿಸಿತು. ಆ ಸಂತೋಷದಲ್ಲಿ ‘ಐ ಹ್ಯಾವ್ ಸೆಕೆಂಡ್-ಗೆಸ್ಡ್ ಯುವರ್ ಸಜೆಶನ್’ ಎಂದು ಬರೆದು, ಅದೇ ಪತ್ರದ ಕೊನೆಯಲ್ಲಿ ‘ಪ್ಲೀಸ್ ರೀಕನ್ಸಿಡರ್ ಅಬೌಟ್ ದ ಡೆಡ್‌ಲೈನ್’ ಎಂದೂ ಸೇರಿಸಿದೆ. ‘ನಿಮಗೆ ಸರಿ ಕಂಡಂತೆ ಮಾಡಿ’ ಎಂಬ ಒಂದೇ ಸಾಲಿನ ಉತ್ತರ ಬಂತು. ಸಾಮಾನ್ಯವಾಗಿ ಅವರು ಪುಟಗಟ್ಟಲೆ ಬರೆಯುವವರು.

ಈ ಪದಗಳ ನಡುವಿನ ವ್ಯತ್ಯಾಸ ನಿಜವಾಗಿ ಎಲ್ಲಿದೆ? ನಿಘಂಟನ್ನು ನೋಡಿದರೆ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟಿರುತ್ತಾರೆ. ಸುತ್ತು ಹೊಡೆದು ಹೊರಟಲ್ಲಿಗೇ ಬಂದು ನಿಲ್ಲುತ್ತೇನೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಇಂಗ್ಲಿಷ್ ಮೇಷ್ಟ್ರು

ಅನುವಾದಕಿಯವರಿಗೆ ನಮಸ್ಕಾರ.

ನಿಘಂಟಿನಿಂದ ತಮಗೆ ನೆರವಾಗದಿರಲು ಕಾರಣವಿದೆ. ಈ ಪದಗಳೆಲ್ಲ ‘ರೀ’ ಎಂಬ ಲ್ಯಾಟಿನ್ ಮೂಲದ ಪೂರ್ವಪ್ರತ್ಯಯವನ್ನು ಹೊತ್ತಿರುವುದರಿಂದ ನಾವು ಆ ‘ಮತ್ತೆ’ಯ ಮೇಲೆಯೇ ಕಣ್ಣಿಟ್ಟು, ಎಲ್ಲವೂ ‘ಮತ್ತೊಮ್ಮೆ ಯೋಚಿಸು’ ಎಂದು ತೀರ್ಮಾನಿಸಿಬಿಡುತ್ತೇವೆ. ಆದರೆ ‘ಮತ್ತೆ’ ಎಂಬ ಅರ್ಥ ಇವುಗಳಲ್ಲಿ ಸಮಾನವಾಗಿರುವ ಭಾಗ. ವ್ಯತ್ಯಾಸವಿರುವುದು ಯೋಚನೆ ಮುಗಿದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಪ್ರತಿಯೊಂದು ಪದವೂ ಕೊಡುವ ಭರವಸೆಯಲ್ಲಿ. ಬದಲಾವಣೆ ಆಗಿಯೇ ತೀರಿತೇ, ಆಗಬಹುದೇ, ಅಥವಾ ಆಗುವ ಮಾತೇ ಇಲ್ಲವೇ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಕರಗುತ್ತದೆ.

ತರಗತಿಯಲ್ಲಿ ನಾನು ಒಂದು ಸರಳ ಪರೀಕ್ಷೆಯನ್ನು ಬಳಸುತ್ತಿದ್ದೆ. ‘ಸಮಿತಿಯು ಆ ನಿಯಮವನ್ನು ಹೀಗೆ ಮಾಡಿತು, ಆದರೆ ಒಂದಕ್ಷರವನ್ನೂ ಬದಲಿಸದೆ ಹಾಗೆಯೇ ಉಳಿಸಿತು’ ಎಂಬ ವಾಕ್ಯದಲ್ಲಿ ‘ಹೀಗೆ ಮಾಡಿತು’ ಎಂಬ ಜಾಗಕ್ಕೆ ಒಂದೊಂದೇ ಕ್ರಿಯಾಪದವನ್ನು ಇಟ್ಟು ನೋಡಬೇಕು. ‘ರಿವ್ಯೂ’ ಇಟ್ಟರೆ ವಾಕ್ಯಕ್ಕೆ ಯಾವ ತೊಡಕೂ ಇಲ್ಲ. ನೋಡಿದರು, ಸರಿಯಿದೆ ಎನಿಸಿತು, ಬಿಟ್ಟರು. ‘ರೀಕನ್ಸಿಡರ್’ ಇಟ್ಟರೂ ವಾಕ್ಯ ನಿಲ್ಲುತ್ತದೆ, ಆದರೆ ‘ಆದರೆ’ ಎಂಬ ಪದಕ್ಕೆ ಈಗ ಹೆಚ್ಚು ತೂಕ ಬರುತ್ತದೆ. ಏಕೆಂದರೆ ಕೇಳುವವರು ಬದಲಾವಣೆಯನ್ನು ನಿರೀಕ್ಷಿಸುತ್ತಿರುತ್ತಾರೆ. ‘ರಿವೈಸ್’ ಇಟ್ಟ ಕೂಡಲೇ ವಾಕ್ಯ ಮುರಿದು ಬೀಳುತ್ತದೆ. ರಿವೈಸ್ ಮಾಡಿದ ಮೇಲೆ ಏನಾದರೊಂದು ಬದಲಾಗಿರಲೇಬೇಕು. ‘ರಿವರ್ಸ್’ ಇಟ್ಟರೆ ಬದಲಾವಣೆ ಸಾಲದು, ಮೊದಲಿನ ತೀರ್ಮಾನಕ್ಕೆ ತೀರ ವಿರುದ್ಧವಾದದ್ದೇ ಬಂದಿರಬೇಕು. ತಾವು ಏಳು ಕಡೆ ಬಳಸಿದ ‘ಮರುಪರಿಶೀಲಿಸು’ ಈ ಪರೀಕ್ಷೆಯಲ್ಲಿ ‘ರಿವ್ಯೂ’ ಪಕ್ಕದಲ್ಲಿ ಕೂರುತ್ತದೆ. ‘ರಿವೈಸ್’ ಇರುವಲ್ಲಿ ‘ಪರಿಷ್ಕರಿಸು’ ಅಥವಾ ‘ತಿದ್ದು’ ಬರಬೇಕಿತ್ತು. ಅಲ್ಲಿ ‘ಮರುಪರಿಶೀಲಿಸಿದರು’ ಎಂದು ಬರೆದದ್ದರಿಂದ, ಬದಲಾಗಿಯೇ ಹೋದ ಸಂಗತಿಯನ್ನು ಇನ್ನೂ ಚರ್ಚೆಯಲ್ಲಿರುವಂತೆ ತೋರಿಸಿದ ಹಾಗಾಯಿತು.

ಇಲ್ಲೊಂದು ಎಚ್ಚರಿಕೆ ಬೇಕು. ಬ್ರಿಟಿಷ್ ವಿದ್ಯಾರ್ಥಿ ಪರೀಕ್ಷೆಗೆ ಮುನ್ನ ‘ರಿವೈಸ್’ ಮಾಡುತ್ತೇನೆ ಎಂದರೆ ಪಾಠವನ್ನು ತಿದ್ದುತ್ತಾನೆ ಎಂದರ್ಥವಲ್ಲ, ಮತ್ತೆ ಓದುತ್ತಾನೆ ಎಂದಷ್ಟೇ. ಅದೇ ಕೆಲಸಕ್ಕೆ ಅಮೆರಿಕದವರು ‘ರಿವ್ಯೂ’ ಎನ್ನುತ್ತಾರೆ. ನಾವು ಬ್ರಿಟಿಷ್ ಬಳಕೆಯಲ್ಲಿ ಬೆಳೆದವರಾದ್ದರಿಂದ ‘ರಿವಿಷನ್’ ಎಂದರೆ ಮರುಓದು ಎಂಬುದು ತಲೆಯಲ್ಲಿ ಕೂತಿದೆ. ‘ರಿವೈಸ್’ ಎಂಬುದನ್ನು ಕಂಡಾಗ ಬದಲಾವಣೆ ನಮಗೆ ಕಾಣದಿರುವುದಕ್ಕೆ ಈ ಅಭ್ಯಾಸವೂ ಒಂದು ಕಾರಣವಿರಬೇಕು ಎಂದು ನನ್ನ ಅನುಮಾನ.

‘ರೀಕನ್ಸಿಡರ್’ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಈ ಪದದ ಮುಂದೆ ಸಾಮಾನ್ಯವಾಗಿ ನಿಲ್ಲುವುದು ಒಂದು ನಿರ್ಧಾರ, ಒಂದು ನಿಲುವು, ಒಂದು ಮನವಿ. ಅಂದರೆ ಯಾರೋ ಆಗಲೇ ತೀರ್ಮಾನ ಕೊಟ್ಟಿದ್ದಾರೆ, ಆ ತೀರ್ಮಾನದ ಬಾಗಿಲನ್ನು ಈಗ ಮತ್ತೆ ತೆರೆಯಬೇಕು. ಬಾಗಿಲು ತೆರೆಯುವ ಅಧಿಕಾರ ಮುಚ್ಚಿದವರಿಗೇ ಇರುತ್ತದೆ. ಅಮೆರಿಕದ ಅನೇಕ ಸಂಘಸಂಸ್ಥೆಗಳು ಸಭೆ ನಡೆಸಲು ಅನುಸರಿಸುವ, ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೇನಾಧಿಕಾರಿ 1876ರಲ್ಲಿ ಪ್ರಕಟಿಸಿದ ಸಭಾನಿಯಮಗಳಲ್ಲಿ ಇದು ಬಹಳ ಸೊಗಸಾಗಿ ಕಾಣುತ್ತದೆ. ಮತಕ್ಕೆ ಹಾಕಿ ಮುಗಿದ ವಿಷಯವನ್ನು ‘ರೀಕನ್ಸಿಡರ್’ ಮಾಡಬೇಕೆಂಬ ಸೂಚನೆಯನ್ನು ಸಭೆಯಲ್ಲಿ ಗೆದ್ದ ಪಕ್ಷಕ್ಕೆ ಮತ ಹಾಕಿದವರು ಮಾತ್ರ ಮಂಡಿಸಬಹುದು, ಸೋತವರು ಮಂಡಿಸುವಂತಿಲ್ಲ. ಸೋತವರಿಗೆ ಅವಕಾಶ ಕೊಟ್ಟರೆ ಚರ್ಚೆ ಎಂದಿಗೂ ಮುಗಿಯದು ಎಂಬುದು ಒಂದು ಕಾರಣವಾದರೆ, ಒಪ್ಪಿದವರಲ್ಲಿಯೇ ಒಬ್ಬರ ಮನಸ್ಸು ಬದಲಾಗಿದ್ದರೆ ಮಾತ್ರ ಮರುಚಿಂತನೆಗೆ ಅರ್ಥವಿದೆ ಎಂಬುದು ಇನ್ನೊಂದು.

ಆದ್ದರಿಂದಲೇ ಪತ್ರದಲ್ಲಿ ‘ಐ ರಿಕ್ವೆಸ್ಟ್ ಯೂ ಟು ರೀಕನ್ಸಿಡರ್’ ಎಂದು ಬರೆದರೆ ‘ಮತ್ತೊಮ್ಮೆ ಯೋಚಿಸಿ’ ಎಂಬುದು ಅದರ ಮೇಲಿನ ಅರ್ಥ ಮಾತ್ರ. ಒಳಗಿರುವುದು ‘ನೀವು ಕೊಟ್ಟ ತೀರ್ಮಾನ ನನಗೆ ಒಪ್ಪಿಗೆಯಿಲ್ಲ, ದಯವಿಟ್ಟು ಬದಲಿಸಿ’ ಎಂಬ ವಿನಂತಿ. ಯಾರಾದರೂ ರಾಜೀನಾಮೆ ಕೊಟ್ಟಾಗ ‘ರೀಕನ್ಸಿಡರ್’ ಎಂದರೆ ರಾಜೀನಾಮೆ ಹಿಂಪಡೆಯಿರಿ ಎಂದೇ ಹೊರತು, ಚೆನ್ನಾಗಿ ಯೋಚಿಸಿ ಆಮೇಲೆ ಕೊಡಿ ಎಂದಲ್ಲ.

‘ರೀಅಸೆಸ್’, ‘ರೀಇವ್ಯಾಲ್ಯುಯೇಟ್’ ಇವೆರಡರ ಮುಂದೆ ನಿರ್ಧಾರಕ್ಕಿಂತ ಹೆಚ್ಚಾಗಿ ಪರಿಸ್ಥಿತಿ, ಅಪಾಯ, ಬೆಲೆ, ಪುರಾವೆ ಬರುತ್ತವೆ. ‘ಅಸೆಸ್’ ಎಂಬುದರ ಲ್ಯಾಟಿನ್ ಮೂಲಕ್ಕೆ ‘ಪಕ್ಕದಲ್ಲಿ ಕೂರು’ ಎಂಬ ಅರ್ಥವಿದ್ದು, ತೆರಿಗೆಯನ್ನು ನಿಗದಿ ಮಾಡುವ ಕೆಲಸದಿಂದ ಅದು ಈಗಿನ ಬಳಕೆಗೆ ಬಂದಿದೆ. ‘ಮರುಮೌಲ್ಯಮಾಪನ’ ಎಂಬುದು ಇದಕ್ಕೆ ಹೊಂದುತ್ತದೆ. ‘ಮತ್ತೆ ಅಳೆದು ನೋಡಿದರು’ ಎಂದರೂ ಆದೀತು.

‘ರೀಥಿಂಕ್’ ಇವುಗಳಿಗಿಂತ ಆಳಕ್ಕೆ ಇಳಿಯುವ ಪದ. ಒಂದು ನಿರ್ಧಾರವನ್ನು ಹಾಗಿರಲಿ, ಆ ನಿರ್ಧಾರಕ್ಕೆ ಆಧಾರವಾದ ಕಲ್ಪನೆಯನ್ನೇ ಅಡಿಪಾಯದಿಂದ ಯೋಚಿಸುವುದು ಅದರ ಇಂಗಿತ. ಭೂತಕಾಲದಲ್ಲಿ ‘ರೀಥಾಟ್’ ಆಗುತ್ತದೆ. ಇದು ನಾಮಪದವಾಗಿಯೂ ಬರುತ್ತದೆ. ಕ್ರಿಯಾಪದವಾದಾಗ ಉಚ್ಚಾರದ ಒತ್ತು ‘ಥಿಂಕ್’ ಮೇಲೆ, ನಾಮಪದವಾದಾಗ ‘ರೀ’ ಮೇಲೆ.

ಇನ್ನು ತಮ್ಮ ‘ಸೆಕೆಂಡ್-ಗೆಸ್’. ಆ ಸಂಪಾದಕರು ಬೇಸರಗೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅದು ಅಮೆರಿಕದ ಬೇಸ್‌ಬಾಲ್ ಮೈದಾನದಿಂದ ಬಂದ ಮಾತು. ಆಟ ಮುಗಿದ ಮೇಲೆ ಗ್ಯಾಲರಿಯಲ್ಲಿ ಕೂತು ‘ಆ ಆಟಗಾರನನ್ನು ಇಳಿಸಬಾರದಿತ್ತು’ ಎನ್ನುವವನನ್ನು ‘ಸೆಕೆಂಡ್-ಗೆಸರ್’ ಎಂದು ಕರೆಯುತ್ತಿದ್ದರು. ಹೀಗಾಗಿ ಇನ್ನೊಬ್ಬರ ತೀರ್ಮಾನವನ್ನು ಸೆಕೆಂಡ್-ಗೆಸ್ ಮಾಡಿದೆ ಎಂದರೆ ಅದರಲ್ಲಿ ಹುಳುಕು ಹುಡುಕಿದೆ, ಅವರ ವಿವೇಚನೆಯನ್ನೇ ಶಂಕಿಸಿದೆ ಎಂದಾಗುತ್ತದೆ. ತಮ್ಮನ್ನೇ ತಾವು ಸೆಕೆಂಡ್-ಗೆಸ್ ಮಾಡಿಕೊಂಡರೆ, ಮಾಡಿದ್ದು ಸರಿಯೋ ತಪ್ಪೋ ಎಂದು ಒದ್ದಾಡಿದಂತೆ. ಇದಕ್ಕೆ ಇನ್ನೊಂದು ಅರ್ಥವೂ ಇದೆ, ಎದುರಿನವರು ಮುಂದೆ ಏನು ಮಾಡುತ್ತಾರೆಂದು ಊಹಿಸುವುದು. ತಮ್ಮ ಸಂದರ್ಭಕ್ಕೆ ಎರಡೂ ಹೊಂದುವುದಿಲ್ಲ.

ಉತ್ತರ: ಕರಡು ತಿದ್ದುವವನು

ಮೇಷ್ಟ್ರು ಅರ್ಥವನ್ನು ಬಿಡಿಸಿ ಹೇಳಿದ್ದಾರೆ. ನಾನು ‘ಅಬೌಟ್’ ಒಂದನ್ನೇ ಹಿಡಿಯುತ್ತೇನೆ, ಏಕೆಂದರೆ ನನ್ನ ಮೇಜಿಗೆ ಬರುವ ಬರಹಗಳಲ್ಲಿ ಇದರಷ್ಟು ಪಟ್ಟುಬಿಡದ ತಪ್ಪು ಇನ್ನೊಂದಿಲ್ಲ.

ಕನ್ನಡದಲ್ಲಿ ನಾವು ‘ನಿರ್ಧಾರದ ಬಗ್ಗೆ ಮತ್ತೊಮ್ಮೆ ಯೋಚಿಸಿ’ ಎನ್ನುತ್ತೇವೆ. ಆ ‘ಬಗ್ಗೆ’ ಕೈಬಿಡದೆ ಇಂಗ್ಲಿಷಿಗೂ ಜೊತೆಗೆ ಬರುತ್ತದೆ. ‘ಡಿಸ್ಕಸ್ ಅಬೌಟ್’ ಹುಟ್ಟಿದ್ದೂ ಇದೇ ದಾರಿಯಲ್ಲಿ. ‘ರೀಕನ್ಸಿಡರ್’, ‘ರೀಥಿಂಕ್’, ‘ರಿವೈಸ್’, ‘ರಿವ್ಯೂ’, ‘ರೀಅಸೆಸ್’, ‘ರೀವಿಸಿಟ್’ ಇವೆಲ್ಲ ಕರ್ಮಪದವನ್ನು ನೇರವಾಗಿ ಹಿಡಿಯುತ್ತವೆ. ನಡುವೆ ‘ಅಬೌಟ್’ ಆಗಲಿ ‘ಆನ್’ ಆಗಲಿ ಬರಕೂಡದು. ‘ರೀಕನ್ಸಿಡರ್ ದ ಡೆಡ್‌ಲೈನ್’ ಎಂದರೆ ಮುಗಿಯಿತು. ಅದರ ಮುಂದೆ ಇನ್ನೊಂದು ಕ್ರಿಯೆ ಬರುವುದಾದರೆ ‘ರೀಕನ್ಸಿಡರ್ ಗೋಯಿಂಗ್’ ಎಂದಾಗಬೇಕು. ‘ರೀಕನ್ಸಿಡರ್ ಟು ಗೋ’ ಆಗದು.

ಆದರೆ ‘ಥಿಂಕ್’ ಒಂಟಿಯಾಗಿ ಬಂದರೆ ‘ಅಬೌಟ್’ ಬೇಕು, ‘ರಿಫ್ಲೆಕ್ಟ್’ ಬಂದರೆ ‘ಆನ್’ ಬೇಕು, ‘ಮಲ್’ ಬಂದರೆ ‘ಓವರ್’ ಬೇಕು. ‘ಚೇಂಜ್ ಮೈ ಮೈಂಡ್’ ಆದಮೇಲೆಯೂ ‘ಅಬೌಟ್’ ಬರಬಹುದು. ‘ಥಿಂಕ್ ಓವರ್’ ಬಳಸುವಾಗ ಸರ್ವನಾಮವನ್ನು ನಡುವೆ ಕೂರಿಸಬೇಕು. ‘ಥಿಂಕ್ ಇಟ್ ಓವರ್’ ಸರಿ, ‘ಥಿಂಕ್ ಓವರ್ ಇಟ್’ ಎಂಬುದು ಕಿವಿಗೆ ಒಗ್ಗದು.

ಇನ್ನೊಂದು ವಿಷಯ. ‘ಎಗೇನ್ ರೀಕನ್ಸಿಡರ್’ ಎಂದು ಬರೆಯುವವರು ನಿಜಕ್ಕೂ ಮೂರನೆಯ ಸಲದ ಯೋಚನೆಯನ್ನು ಕೇಳುತ್ತಿದ್ದಾರೆ. ಅದು ಅವರಿಗೆ ಬೇಕಿರುವುದು ಅಪರೂಪ.

ಉತ್ತರ: ಸುದ್ದಿಮನೆಯವನು

ಅನುವಾದಕಿಯವರ ಪಟ್ಟಿಯಲ್ಲಿರುವುದು ಮರ್ಯಾದಸ್ಥ ಪದಗಳು ಮಾತ್ರ. ಅದೇ ಕೆಲಸವನ್ನು ಮಾಡಿದವರನ್ನು ಹಳಿಯಲು ಇಂಗ್ಲಿಷಿನಲ್ಲಿ ಇನ್ನೊಂದು ಸಾಲು ಪದಗಳಿವೆ; ಸುದ್ದಿ ಅನುವಾದಿಸುವ ನಮಗೆ ನಿತ್ಯವೂ ಎದುರಾಗುವುದು ಅವೇ.

ರಾಜಕಾರಣಿಯೊಬ್ಬರು ತಮ್ಮ ನಿಲುವನ್ನು ಬದಲಿಸಿದರು ಎನ್ನೋಣ. ಅವರ ಕಚೇರಿಯ ಹೇಳಿಕೆಯಲ್ಲಿ ಅವರು ‘ರೀಕನ್ಸಿಡರ್’ ಮಾಡಿರುತ್ತಾರೆ. ಎದುರಾಳಿಗಳ ಬಾಯಲ್ಲಿ ಅವರು ‘ಯೂ-ಟರ್ನ್’ ಹೊಡೆದಿರುತ್ತಾರೆ ಅಥವಾ ‘ಫ್ಲಿಪ್-ಫ್ಲಾಪ್’ ಮಾಡಿರುತ್ತಾರೆ. ವರದಿಗಾರ ನಡುದಾರಿ ಹಿಡಿದು, ಅವರು ತಮ್ಮ ಮಾತನ್ನು ‘ವಾಕ್ ಬ್ಯಾಕ್’ ಮಾಡಿದರು ಎಂದು ಬರೆಯುತ್ತಾನೆ. ಘಟನೆ ಒಂದೇ, ತೀರ್ಪು ಮೂರು. ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ 1980ರ ಅಕ್ಟೋಬರ್ 10ರಂದು ತಮ್ಮ ಪಕ್ಷದ ಸಮ್ಮೇಳನದಲ್ಲಿ, ಬೇಕಾದವರು ಯೂ-ಟರ್ನ್ ಹೊಡೆಯಲಿ, ತಾನು ಮಾತ್ರ ತಿರುಗುವವಳಲ್ಲ ಎಂಬರ್ಥದಲ್ಲಿ ಮಾಡಿದ ಭಾಷಣ ಈಗಲೂ ನೆನಪಾಗುವುದಕ್ಕೆ ಕಾರಣ, ಮನಸ್ಸು ಬದಲಿಸದಿರುವುದೇ ಒಂದು ಗುಣ ಎಂಬ ಭಾವ ಆ ಪದದೊಳಗೇ ಅಡಗಿರುವುದು. 2004ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಜಾನ್ ಕೆರಿ ಅವರ ಮೇಲೆ ‘ಫ್ಲಿಪ್-ಫ್ಲಾಪ್’ ಎಂಬ ಆರೋಪ ಅಂಟಿಕೊಂಡಿತು. 8,700 ಕೋಟಿ ಡಾಲರುಗಳ ಯುದ್ಧವೆಚ್ಚದ ಮಸೂದೆಗೆ ವಿರುದ್ಧವಾಗಿ ಮತ ಹಾಕುವ ಮೊದಲು ಅದರ ಪರವಾಗಿ ಮತ ಹಾಕಿದ್ದೆ ಎಂದು ಅವರೇ ಹೇಳಿದ್ದು ಎದುರಾಳಿಗಳ ಪ್ರಚಾರಕ್ಕೆ ಸರಕಾಯಿತು.

ಕನ್ನಡದಲ್ಲಿ ಇದಕ್ಕೆ ಪದಗಳ ಬರವಿಲ್ಲ. ‘ಉಲ್ಟಾ ಹೊಡೆದರು’, ‘ವರಸೆ ಬದಲಿಸಿದರು’, ‘ರಾಗ ಬದಲಿಸಿದರು’, ‘ಮಾತಿಗೆ ತಪ್ಪಿದರು’ ಎಂದು ಬೇಕಾದಷ್ಟಿವೆ. ಇಂಗ್ಲಿಷಿನ ಬೈಗುಳದ ಪದಕ್ಕೆ ಕನ್ನಡದಲ್ಲಿ ‘ಮರುಪರಿಶೀಲಿಸಿದರು’ ಎಂದು ಬರೆದರೆ ಅವರಿಗೆ ನಾವು ಬೇಡದ ಮರ್ಯಾದೆ ಕೊಟ್ಟಂತೆ. ‘ರೀಕನ್ಸಿಡರ್’ ಇದ್ದಲ್ಲಿ ‘ಉಲ್ಟಾ ಹೊಡೆದರು’ ಎಂದರೆ ಅನ್ಯಾಯ ಮಾಡಿದಂತೆ. ‘ಬ್ಯಾಕ್‌ಪೆಡಲ್’ ಸೈಕಲ್ಲಿನಿಂದ ಬಂದದ್ದು. ಪೆಡಲನ್ನು ಹಿಂದಕ್ಕೆ ತುಳಿದು ವೇಗ ತಗ್ಗಿಸುವ ಚಿತ್ರ ಅದರಲ್ಲಿದೆ. ಹಾಗಾಗಿ ಅದರಲ್ಲಿ ಪೂರ್ತಿ ತಿರುಗಿ ನಿಲ್ಲುವುದಕ್ಕಿಂತ ಆತುರಾತುರವಾಗಿ ಜಾರಿಕೊಳ್ಳುವ ಧ್ವನಿ ಹೆಚ್ಚು.

‘ರಾಗ ಬದಲಿಸಿದರು’ ಎಂದಾಗಲೆಲ್ಲ ನನಗೆ ‘ರೀಕ್ಯಾಂಟ್’ ನೆನಪಾಗುತ್ತದೆ. ಅದರ ಲ್ಯಾಟಿನ್ ಮೂಲದಲ್ಲಿ ‘ಕಂತಾರೆ’, ಅಂದರೆ ಹಾಡುವುದು, ಇದೆ. ಹಾಡಿದ್ದನ್ನು ಹಿಂದಕ್ಕೆ ಹಾಡುವುದೇ ರೀಕ್ಯಾಂಟ್. ಆದರೆ ಇದು ನಗೆಯ ಪದವಲ್ಲ. ಧರ್ಮಶ್ರದ್ಧೆಯನ್ನೋ ರಾಜಕೀಯ ನಂಬಿಕೆಯನ್ನೋ ಬಹಿರಂಗವಾಗಿ, ಬಹಳ ಸಲ ಬಲವಂತಕ್ಕೆ ಒಳಗಾಗಿ, ತ್ಯಜಿಸುವುದಕ್ಕೆ ಈ ಪದ ಮೀಸಲು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಥಾಮಸ್ ಕ್ರ್ಯಾನ್ಮರ್ ಸೆರೆಯಲ್ಲಿದ್ದಾಗ ತನ್ನ ನಂಬಿಕೆಗಳನ್ನು ತೊರೆದೆನೆಂದು ಹಲವು ಪತ್ರಗಳಿಗೆ ಸಹಿ ಹಾಕಿದ. ಕೊನೆಗೆ 1556ರ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ ಆ ಪತ್ರಗಳನ್ನೇ ನಿರಾಕರಿಸಿ, ತನ್ನನ್ನು ಜೀವಂತ ಸುಡುವಾಗ ಅವನ್ನು ಬರೆದ ಬಲಗೈಯನ್ನೇ ಮೊದಲು ಬೆಂಕಿಗೆ ಒಡ್ಡಿದ. ಅವನು ರೀಕ್ಯಾಂಟ್ ಮಾಡಿದ್ದನ್ನೇ ಹಿಂಪಡೆದ ಎಂದು ಬರೆಯಬೇಕಾದಲ್ಲಿ ‘ಮರುಪರಿಶೀಲಿಸಿದ’ ಎಂದರೆ ಹೇಗಿರುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು.

‘ರಿಟ್ರ್ಯಾಕ್ಟ್’ ವಿಜ್ಞಾನ ಅನುವಾದಕರಿಗೆ ಬೇಕೇ ಬೇಕು. ಸಂಶೋಧನಾ ಪತ್ರಿಕೆಯೊಂದು ತಾನು ಪ್ರಕಟಿಸಿದ ಪ್ರಬಂಧವನ್ನು ರಿಟ್ರ್ಯಾಕ್ಟ್ ಮಾಡಿತು ಎಂದರೆ ಅದರಲ್ಲಿನ ಫಲಿತಾಂಶವನ್ನು ಇನ್ನು ನೆಚ್ಚಬೇಡಿ ಎಂದು ಹಿಂತೆಗೆದುಕೊಂಡಿತು ಎಂದರ್ಥ. ಪ್ರಬಂಧದಲ್ಲಿನ ಸಣ್ಣ ತಪ್ಪನ್ನು ಸರಿಪಡಿಸಿದ್ದಕ್ಕೆ ಆ ಪದವಿಲ್ಲ. ಇದರ ಹಿಂದೆ ಒಂದು ಸ್ವಾರಸ್ಯವಿದೆ. ಸಂತ ಅಗಸ್ಟೀನ್ ತನ್ನ ಕೊನೆಗಾಲದಲ್ಲಿ, ಕ್ರಿ.ಶ. 427ರ ಸುಮಾರಿಗೆ, ತಾನು ಬರೆದದ್ದನ್ನೆಲ್ಲ ಕಾಲಾನುಕ್ರಮದಲ್ಲಿ ಮತ್ತೆ ಓದಿ ಒಂದು ಗ್ರಂಥ ಬರೆದ. ಅದರ ಲ್ಯಾಟಿನ್ ಹೆಸರು ‘ರೆತ್ರಾಕ್ತಾತಿಯೋನೆಸ್’. ಈಗಿನ ಇಂಗ್ಲಿಷ್ ಕಿವಿಗೆ ಅದು ‘ಹಿಂತೆಗೆತಗಳು’ ಎಂದು ಕೇಳಿಸುತ್ತದೆ, ಆದರೆ ಅಲ್ಲಿ ಅವನು ಕೆಲವನ್ನು ತಿದ್ದಿದಂತೆಯೇ ಕೆಲವನ್ನು ಸಮರ್ಥಿಸಿಕೊಂಡೂ ಇದ್ದಾನೆ. ಲ್ಯಾಟಿನ್ನಿನಲ್ಲಿ ಆ ಪದಕ್ಕಿದ್ದ ಅರ್ಥ ‘ಮತ್ತೆ ಕೈಗೆತ್ತಿಕೊಳ್ಳುವುದು’. ಅಂದಿನ ಪುನರ್ವಿಮರ್ಶೆ ಇಂದಿನ ಹಿಂತೆಗೆತದಂತೆ ಕೇಳಿಸುತ್ತಿದೆ.

ಉತ್ತರ: ಕಚೇರಿ ಟಿಪ್ಪಣಿಗಾರ್ತಿ

‘ರೀವಿಸಿಟ್’ ಬಗ್ಗೆ ಯಾರೂ ಹೇಳಲಿಲ್ಲ, ಮೇಷ್ಟ್ರು ಅದನ್ನು ಪರೀಕ್ಷೆಗೆ ಒಡ್ಡದೆ ಬಿಟ್ಟದ್ದು ನನಗೆ ಸರಿಕಾಣಲಿಲ್ಲ. ನಾನು ಹನ್ನೆರಡು ವರ್ಷಗಳಿಂದ ಸಭೆಗಳ ನಡಾವಳಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ. ‘ವಿ ವಿಲ್ ರೀವಿಸಿಟ್ ದಿಸ್’ ಎಂದು ಬರೆದುಕೊಂಡ ವಿಷಯಗಳಲ್ಲಿ ಮತ್ತೆ ಚರ್ಚೆಗೆ ಬಂದವುಗಳನ್ನು ಬೆರಳಲ್ಲಿ ಎಣಿಸಬಹುದು. ಮೇಲ್ನೋಟಕ್ಕೆ ಅದು ‘ಮತ್ತೆ ಬಂದು ನೋಡೋಣ’ ಎನ್ನುತ್ತದೆ. ಹೇಳುವವರ ಮನಸ್ಸಿನಲ್ಲಿರುವುದು ‘ಈಗ ಬೇಡ’. ಬೇಡ ಎನ್ನಲು ಬಾಯಿ ಬಾರದಾಗ ಅದು ನೆರವಿಗೆ ಬರುತ್ತದೆ. ಲೇಖನಗಳಲ್ಲಿ ಬಂದಾಗ ಮಾತ್ರ ಅದಕ್ಕೆ ಬೇರೆ ಗತ್ತು: ಹಳೆಯ ಪ್ರಶ್ನೆಯೊಂದರ ಬಳಿಗೆ ಹೊಸ ಕಣ್ಣಿನಿಂದ ಮರಳುವುದು. ಅಲ್ಲಿ ‘ಮತ್ತೆ ಕೈಗೆತ್ತಿಕೊಂಡರು’ ಎಂಬುದು ಚೆನ್ನಾಗಿ ಒಪ್ಪುತ್ತದೆ.

ಇನ್ನೊಂದು ಹಳ್ಳವನ್ನು ತೋರಿಸಿಬಿಡುತ್ತೇನೆ. ‘ಐ ಥಾಟ್ ಬೆಟರ್ ಆಫ್ ಇಟ್’ ಎಂದರೆ ‘ಅದರ ಬಗ್ಗೆ ಇನ್ನೂ ಚೆನ್ನಾಗಿ ಯೋಚಿಸಿದೆ’ ಎಂದಲ್ಲ, ‘ಮಾಡಲು ಹೊರಟಿದ್ದೆ, ಬೇಡವೆನಿಸಿ ಬಿಟ್ಟೆ’ ಎಂದು. ಅದೇ ‘ಐ ಥಾಟ್ ಬೆಟರ್ ಆಫ್ ಹಿಮ್’ ಆದರೆ ಆ ಮನುಷ್ಯನ ಬಗ್ಗೆ ಹೆಚ್ಚಿನ ಗೌರವ ಇತ್ತು ಎಂದು. ‘ಥಿಂಕ್ ಟ್ವೈಸ್’ ಕೂಡ ಎಣಿಕೆಯ ಮಾತಲ್ಲ. ನಮ್ಮ ‘ಹಿಂದೆ ಮುಂದೆ ನೋಡು’ ಅದಕ್ಕೆ ನೇರವಾಗಿ ಕೂರುತ್ತದೆ. ‘ಎರಡು ಬಾರಿ ಯೋಚಿಸಿ’ ಎಂದು ಈಚೆಗೆ ಎಲ್ಲೆಲ್ಲೂ ಕಾಣುತ್ತಿರುವುದು ನನಗೆ ರುಚಿಸುವುದಿಲ್ಲ.

‘ರೂಮಿನೇಟ್’ ಎಂಬುದನ್ನು ಕಂಡಾಗ ‘ಮೆಲುಕು ಹಾಕು’ ತಾನಾಗಿ ನಾಲಿಗೆಗೆ ಬರುತ್ತದೆ, ಏಕೆಂದರೆ ಎರಡೂ ಹಸುವಿನ ಬಾಯಿಂದಲೇ ಹುಟ್ಟಿದವು. ಆದರೆ ನಾವು ಮೆಲುಕು ಹಾಕುವುದು ಸಾಮಾನ್ಯವಾಗಿ ಸವಿನೆನಪುಗಳನ್ನು. ಮನಃಶಾಸ್ತ್ರದ ಇಂಗ್ಲಿಷಿನಲ್ಲಿ ರೂಮಿನೇಟ್ ಮಾಡುವವರು ನೋವನ್ನೋ ಸೋಲನ್ನೋ ಬಿಡಲಾರದೆ ಸುತ್ತುತ್ತಿರುತ್ತಾರೆ. ಅಲ್ಲಿ ‘ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೊರಗುವುದು’ ಎನ್ನದೆ ಗತಿಯಿಲ್ಲ. ‘ಪಾಂಡರ್’ ತೊಂದರೆ ಕೊಡುವುದಿಲ್ಲ. ಅದರ ಬೇರಿನಲ್ಲಿ ತೂಕವಿದೆ, ನಮ್ಮಲ್ಲಿ ‘ಅಳೆದು ತೂಗಿ’ ಇದೆ.

ಉತ್ತರ: ನಿವೃತ್ತ ಇಂಗ್ಲಿಷ್ ಮೇಷ್ಟ್ರು

ಟಿಪ್ಪಣಿಗಾರ್ತಿಯವರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ತರಗತಿಯ ಇಂಗ್ಲಿಷನ್ನು ಕಲಿಸಿದವನು, ಸಭೆಯ ಇಂಗ್ಲಿಷ್ ಅವರಿಗೆ ಹೆಚ್ಚು ಗೊತ್ತು. ‘ಟೇಬಲ್’ ಎಂಬ ಕ್ರಿಯಾಪದವೂ ಈ ಜಾತಿಯದೇ: ಬ್ರಿಟಿಷರು ವಿಷಯವನ್ನು ಟೇಬಲ್ ಮಾಡಿದರೆ ಅದು ಚರ್ಚೆಗೆ ಬರುತ್ತದೆ, ಅಮೆರಿಕದವರು ಮಾಡಿದರೆ ಬದಿಗೆ ಸರಿಯುತ್ತದೆ.

ಒಂದು ಮಾತು ಬಿಟ್ಟಿದ್ದೆ. ಇಂಗ್ಲಿಷಿನವನು ‘ಐ ಚೇಂಜ್ಡ್ ಮೈ ಮೈಂಡ್’ ಎಂದು ತಾನೇ ಕರ್ತೃವಾಗಿ ನಿಲ್ಲುತ್ತಾನೆ. ನಾವು ಹೆಚ್ಚಾಗಿ ‘ನನ್ನ ಮನಸ್ಸು ಬದಲಾಯಿತು’ ಎನ್ನುತ್ತೇವೆ. ಮನಸ್ಸು ತಾನಾಗಿ ತಿರುಗಿತು, ನಾವು ಪಕ್ಕದಲ್ಲಿ ನಿಂತು ನೋಡಿದೆವು ಎಂಬಂತೆ. ‘ಮನಸ್ಸು ಬದಲಿಸಿದೆ’ ಎಂಬುದೂ ಕನ್ನಡವೇ ಆದರೂ ಅದರಲ್ಲಿ ಹಟವೋ ಉದ್ದೇಶವೋ ಇಣುಕುತ್ತದೆ. ಅನುವಾದಿಸುವಾಗ ಸಂದರ್ಭ ನೋಡಿ ಕರ್ತೃವನ್ನು ಕೈಬಿಡುವ ಧೈರ್ಯ ಮಾಡಬಹುದು. ಭೂಖಂಡಗಳು ಚಲಿಸುತ್ತವೆ ಎಂದು ಆಲ್ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ ಬಹುಪಾಲು ಭೂವಿಜ್ಞಾನಿಗಳು ಒಪ್ಪಿರಲಿಲ್ಲ. 1960ರ ದಶಕದಲ್ಲಿ ಸಾಗರತಳದ ಪುರಾವೆಗಳು ಒಂದೊಂದಾಗಿ ಸೇರಿದಾಗ ಒಪ್ಪಿದರು. ಆ ನಿಧಾನದ ಒಪ್ಪಿಗೆಗೆ ಇಂಗ್ಲಿಷಿನಲ್ಲಿ ‘ಕೇಮ್ ರೌಂಡ್ ಟು’ ಎಂಬ ನುಡಿಗಟ್ಟಿದೆ. ‘ಕ್ರಮೇಣ ಆ ಮಾತಿಗೆ ಬಂದರು’ ಎಂದರೆ ಅದೇ ಚಲನೆ ಕನ್ನಡದಲ್ಲಿಯೂ ಸಿಗುತ್ತದೆ. ಅದನ್ನು ‘ಸುತ್ತಿಬಂದರು’ ಎಂದು ಬರೆದ ವಿದ್ಯಾರ್ಥಿಯೊಬ್ಬನಿದ್ದ. ಅವನಿಗೆ ಅರ್ಧ ಅಂಕ ಕೊಟ್ಟಿದ್ದೆ.

ಉತ್ತರ: ಅನುವಾದಕಿ

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರ ‘ಹಾಗೆಯೇ ಉಳಿಸಿತು’ ಪರೀಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ನಿನ್ನೆ ರಾತ್ರಿ ಪ್ಲೂಟೊ ಲೇಖನದ ಆ ಭಾಗವನ್ನು ಹೊಸದಾಗಿ ಬರೆದೆ. ಸರಿಯಾಗಿದೆಯೇ ಎಂದು ದಯವಿಟ್ಟು ನೋಡಬೇಕು:

‘1930ರಲ್ಲಿ ಕಂಡುಹಿಡಿದಾಗಿನಿಂದ ಪ್ಲೂಟೊ ಒಂಬತ್ತನೆಯ ಗ್ರಹವೆನಿಸಿಕೊಂಡಿತ್ತು. 2005ರಲ್ಲಿ ಏರಿಸ್ ಎಂಬ ಕಾಯ ಪತ್ತೆಯಾಗಿದೆ ಎಂಬ ಸುದ್ದಿ ಹೊರಬಿದ್ದಾಗ, ಗ್ರಹವೆಂದರೆ ಏನು ಎಂಬುದನ್ನೇ ಖಗೋಳ ವಿಜ್ಞಾನಿಗಳು ಬುಡದಿಂದ ಯೋಚಿಸಬೇಕಾಯಿತು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಗ್ರಹದ ವ್ಯಾಖ್ಯೆಯನ್ನು ಗೊತ್ತುಮಾಡಿ, ಪ್ಲೂಟೊವನ್ನು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿತು. ಮೊದಲಿಗೆ ಏರಿಸ್ ಪ್ಲೂಟೊಗಿಂತ ದೊಡ್ಡದೆಂಬ ಅಂದಾಜಿತ್ತು. ಆಮೇಲೆ ಆ ಅಂದಾಜನ್ನು ತಿದ್ದಲಾಯಿತು, ವ್ಯಾಸದಲ್ಲಿ ಪ್ಲೂಟೊವೇ ತುಸು ದೊಡ್ಡದೆಂದು ಗೊತ್ತಾಯಿತು. ಒಕ್ಕೂಟ ತನ್ನ ತೀರ್ಮಾನವನ್ನು ಬದಲಿಸಬೇಕೆಂದು ಕೆಲವು ವಿಜ್ಞಾನಿಗಳು ಈಗಲೂ ಕೇಳುತ್ತಿದ್ದಾರೆ.’

‘ರೀಥಿಂಕ್’ ಇದ್ದಲ್ಲಿ ‘ಬುಡದಿಂದ ಯೋಚಿಸು’, ‘ರಿವೈಸ್’ ಇದ್ದಲ್ಲಿ ‘ತಿದ್ದು’, ಕೊನೆಯ ವಾಕ್ಯದ ‘ರೀಕನ್ಸಿಡರ್’ ಇದ್ದಲ್ಲಿ ನೇರವಾಗಿ ‘ಬದಲಿಸು’ ಎಂದೇ ಹಾಕಿದ್ದೇನೆ. ಆ ಕೊನೆಯದರ ಬಗ್ಗೆ ಸ್ವಲ್ಪ ಅಳುಕಿದೆ.

ಸಂಪಾದಕರಿಗೂ ಇನ್ನೊಂದು ಪತ್ರ ಬರೆದೆ. ‘ಆನ್ ಸೆಕೆಂಡ್ ಥಾಟ್ಸ್’ ಎಂದು ಶುರುಮಾಡಲೇ ಎಂದು ನೋಡಿ, ಹಿಂದೆ ಮುಂದೆ ನೋಡಿ, ಕೊನೆಗೆ ‘ಐ ಥಾಟ್ ಇಟ್ ಓವರ್, ಅಂಡ್ ಯೂ ಆರ್ ರೈಟ್’ ಎಂದಷ್ಟೇ ಬರೆದೆ. ಗಡುವಿನ ಮಾತನ್ನು ಈ ಸಲ ಎತ್ತಲಿಲ್ಲ.

ಉತ್ತರ: ಕರಡು ತಿದ್ದುವವನು

ಕೊನೆಯ ವಾಕ್ಯದ ಅಳುಕು ನ್ಯಾಯವಾದದ್ದೇ. ‘ಬದಲಿಸಬೇಕೆಂದು’ ಎಂದರೆ ವಿಜ್ಞಾನಿಗಳ ಮನಸ್ಸಿನಲ್ಲಿರುವುದು ಬಂತು, ಅವರು ಆಡಿದ ಮಾತಿನ ಸೌಜನ್ಯ ಹೋಯಿತು. ‘ಒಕ್ಕೂಟ ತನ್ನ ತೀರ್ಮಾನವನ್ನು ಪುನರಾಲೋಚಿಸಬೇಕೆಂದು’ ಎಂದು ಮಾಡಿ ನೋಡಿ. ಪೆನ್ಸಿಲ್ಲಿನ ಏಳು ಸುತ್ತುಗಳಲ್ಲಿ ಅಲ್ಲಿಗೆ ಏಳೂ ಅಳಿಸಿದಂತಾಗುತ್ತದೆ.

ಉತ್ತರ: ಅನುವಾದಕಿ

ಹಾಗೆಯೇ ತಿದ್ದಿದ್ದೇನೆ. ಇಷ್ಟು ಹೊತ್ತಿಗೆ ಸಂಪಾದಕರ ಉತ್ತರವೂ ಬಂತು, ಒಂದೂವರೆ ಪುಟ ಇದೆ. ಗಡುವನ್ನು ಅವರಾಗಿಯೇ ನಾಲ್ಕು ದಿನ ಮುಂದಕ್ಕೆ ಹಾಕಿದ್ದಾರೆ.